ಎಡೆಗೆ ಇಟ್ಟ ಹಾಡು

ಮಹಾನವಮಿ ಅಮಾವಾಸ್ಯೆ ಹತ್ತಿರ ಬರುತ್ತಿದ್ದಂತೆ ಬನಹಟ್ಟಿಯ ಕಸ್ತೂರೆವ್ವನ ತಲೆಯೊಳಗೆ ಒಂದೇ ವಿಷಯ ಗಿರಕಿ ಹೊಡೆಯತೊಡಗಿತು. ಗಂಡ ತುಕಾರಾಮ ಆ ಬೇಸಿಗೆಯಲ್ಲಿ ಕಾಮಣಿಯಾಗಿ, ಮೈ ಕಣ್ಣು ಹಳದಿಗಟ್ಟಿ, ತೀರಿಕೊಂಡಿದ್ದ. ಅವನು ಹೋದ ಮೇಲೆ ಬರುವ ಮೊದಲ ಅಮಾವಾಸ್ಯೆ ಅದು, ಹಿರಿಯರಿಗೆ ಎಡೆ ಇಡುವ ದಿನ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದನ್ನು ಬಾಳೆಲೆಯ ಮೇಲೆ ಇಟ್ಟು, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಂದು ಉಂಡು ಹೋಗಿರೆಂದು ಕೈಮುಗಿಯಬೇಕು.

ಅತ್ತೆ ಮುದಕವ್ವ ಇಂಥ ವಿಷಯದಲ್ಲಿ ಬಹಳ ಗಟ್ಟಿ. ಒಲೆಯ ಮುಂದೆ ಕುಳಿತು ಬೆರಳು ಮಡಿಚುತ್ತಿದ್ದಳು.

"ಹೋಳಿಗಿ ಆತು. ಎಣ್ಣಿಗಾಯಿ ಆತು. ಗುರೆಳ್ಳ ಚಟ್ನಿ ಆತು. ಎಲಿ, ಅಡಿಕಿ, ಅವನ ತಂಬಾಕ. ಧೋತರ ಆತು. ಮತ್ತೇನರ ಬಿಟ್ಟೇವೇನ ನೋಡವ್ವಾ."

"ಹಾಡ ಬಿಟ್ಟೇವ್ರಿ," ಎಂದಳು ಕಸ್ತೂರೆವ್ವ.

"ಯಾವ ಹಾಡ?"

"ಅವರು ಕೇಳತಿದ್ರಲ್ರಿ, ಆ ಜಡಿಯವನ ಹಾಡ."

ಮುದಕವ್ವನ ಬೆರಳು ಅಲ್ಲೇ ನಿಂತಿತು. ಬೈಯುತ್ತಾಳೆಂದು ಕಸ್ತೂರೆವ್ವ ಕಾದಳು. ಮುದುಕಿ ಬೈಯಲಿಲ್ಲ.

"ಖರೆ ಐತಿ," ಎಂದಳು. "ಹೋಳಿಗಿ ಬಿಟ್ಟಾನು, ಅದನ್ನ ಬಿಡಾಂವಲ್ಲ. ಹಂಗಾದ್ರ ಅದನ್ನ ಮೊದಲ ಇಡಬೇಕು. ಮೊದಲ ಏನ ಇಡ್ತೀವೋ ಅದರ ಮ್ಯಾಲ ಅವನ ಕೈ ಹೋಗತೈತಿ. ಅದು ಮನಸಿಗಿ ಬರಲಿಲ್ಲಂದ್ರ ಹಂಗ ಎದ್ದ ಹೊಕ್ಕಾನ, ಹಸಗೊಂಡು. ಅವನಿಗೆ ಯಾವುದ ಸೇರತಿತ್ತ?"

"ಅದ ಗೊತ್ತಿಲ್ರಿ."

"ಗೊತ್ತಿಲ್ಲಾ? ಇಷ್ಟ ವರ್ಷ ಅವನ ಜೋಡಿ ಸಂಸಾರ ಮಾಡೀದಿ, ಗೊತ್ತಿಲ್ಲಾ?"

ಮುದಕವ್ವ ಅದನ್ನು ಸಿಟ್ಟಿನಿಂದ ಅಂದದ್ದಲ್ಲ. ಆದರೂ ಆ ಮಾತು ಕಸ್ತೂರೆವ್ವನಿಗೆ ನಾಟಿತು. ಹೌದು, ತನಗೇಕೆ ಗೊತ್ತಿಲ್ಲ?

ಅವಳು ಹುನ್ನೂರಿನ ಹೆಣ್ಣು, ಒಕ್ಕಲುತನದ ಮನೆಯವಳು. ಮದುವೆಯಾಗಿ ಬನಹಟ್ಟಿಗೆ ಬಂದಾಗ ಅವಳನ್ನು ಅಂಜಿಸಿದ್ದು ಅತ್ತೆಯಲ್ಲ, ಪವರ್‌ಲೂಮಿನ ಸದ್ದು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಮನೆಯ ಹಿಂದೆಯೂ ಮಗ್ಗದ ಶೆಡ್ಡು. ಗೋಡೆ ನಡುಗುತ್ತಿತ್ತು, ಗಡಿಗೆಯೊಳಗಿನ ನೀರು ನಡುಗುತ್ತಿತ್ತು. ಮೊದಮೊದಲು ಅವಳು ತವರಿನಲ್ಲಿ ಮಾತಾಡಿದಂತೆ ಮೆತ್ತಗೆ ಮಾತಾಡಿ, ಯಾರಿಗೂ ಕೇಳಿಸದೆ, ತನ್ನನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ಅತ್ತದ್ದುಂಟು. ಆಮೇಲೆ ಶೆಡ್ಡಿನವರ ರೀತಿ ಕಲಿತಳು. ಅಲ್ಲಿ ಬಾಯಿಗಿಂತ ಕೈ ಹೆಚ್ಚು ಮಾತಾಡುತ್ತದೆ. ಎರಡು ಬೆರಳು ತುಟಿಗೆ ಹಚ್ಚಿದರೆ ಚಹಾ. ಮುಷ್ಟಿ ತಿರುವಿದರೆ ನೂಲಿನ ಕಂಡಿಕೆ ತೀರಿದೆ, ಸುತ್ತಿ ಕೊಡು ಎಂದು. ಹುಬ್ಬು ಏರಿಸಿದರೆ ಏನಾಯಿತು ಎಂದು. ಅವಳ ಮತ್ತು ತುಕಾರಾಮನ ಸಂಸಾರದ ಅರ್ಧ ಮಾತು ಹೀಗೆ ಕೈಸನ್ನೆಯಲ್ಲೇ ನಡೆಯಿತು. ಮಕ್ಕಳಾಗಲಿಲ್ಲ. ಅದರ ದುಃಖವನ್ನೂ ಇಬ್ಬರೂ ಬಾಯಿಬಿಟ್ಟು ಆಡಿದ್ದು ಕಡಿಮೆ.

ತುಕಾರಾಮ ಜಾಬರ್. ಯಾರ ಮಗ್ಗ ಕೆಟ್ಟರೂ ಅವನನ್ನು ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತು ಕಿವಿಗೊಟ್ಟರೆ ಸಾಕು, ಸಾಲಿನಲ್ಲಿ ಯಾವ ಮಗ್ಗ ತಪ್ಪು ಬಡಿಯುತ್ತಿದೆ ಎಂದು ಹೇಳಿಬಿಡುತ್ತಿದ್ದ. ಕೆಲಸ ಕಡಿಮೆಯಿದ್ದ ದಿನಗಳಲ್ಲಿ ಗೆಳೆಯ ಗಿರಿಮಲ್ಲಪ್ಪನ ಜೊತೆ ಚಾದರದ ಗಂಟು ಕಟ್ಟಿಕೊಂಡು ಗೋವೆಯ ಕಡಲ ದಂಡೆಯ ಸಂತೆಗೆ ಹೋಗುತ್ತಿದ್ದ. ಅಲ್ಲಿ ಹೊರದೇಶದವರು ನೆಲದ ಮೇಲೆ ಅಂಗಡಿ ಹರಡಿಕೊಂಡು ಕೂರುತ್ತಿದ್ದರಂತೆ. ರೊಕ್ಕವಿಲ್ಲದವರು ಚಾದರಕ್ಕೆ ಬದಲಾಗಿ ಬೂಟು, ಗಡಿಯಾರ, ಏನು ಇದ್ದರೆ ಅದನ್ನು ಕೊಡುತ್ತಿದ್ದರಂತೆ. ಹಾಗೆ ಒಮ್ಮೆ ಒಬ್ಬ ಕ್ಯಾಸೆಟ್ ಕೊಟ್ಟ. ಜಮೈಕಾ ಎಂಬ ದ್ವೀಪದ ಹಾಡುಗಾರನದು. ಮೇಲಿನ ಚಿತ್ರದಲ್ಲಿ ಅವನ ತಲೆಗೂದಲು ಜಡೆಗಟ್ಟಿ ಹಗ್ಗದಂತೆ ಭುಜದ ಮೇಲೆ ಇಳಿಬಿದ್ದಿತ್ತು.

ಮುದಕವ್ವ ಅದನ್ನು ನೋಡಿದವಳೇ ಎರಡೂ ಕೈಯಿಂದ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದಳು. ಜಡೆ ತಾನಾಗಿ ಬಂದರೆ ಅದು ಎಲ್ಲಮ್ಮನದು, ಕತ್ತರಿ ತಾಗಿಸಬಾರದು. "ಎಷ್ಟ ದೂರ ಹುಟ್ಟಿದ್ರೇನು, ತಾಯಿ ಹುಡಿಕ್ಯಾಡಿ ಕೊಟ್ಟಾಳ," ಎಂದು ಆ ಚಿತ್ರಕ್ಕೆ ಅರಿಶಿನದ ಭಂಡಾರ ಹಚ್ಚಿದಳು. ತುಕಾರಾಮ ನಕ್ಕ, ಆದರೆ ಒರೆಸಲಿಲ್ಲ. ಅಂದಿನಿಂದ ಪ್ರತಿ ಸಲ ಗೋವೆಗೆ ಹೋದಾಗಲೂ ಅದೇ ಹಾಡುಗಾರನ ಇನ್ನೊಂದು ಕ್ಯಾಸೆಟ್ ತರುತ್ತಿದ್ದ. ಪ್ರತಿಯೊಂದಕ್ಕೂ ಭಂಡಾರ ಬೀಳುತ್ತಿತ್ತು.

ಅವನು ಟೇಪನ್ನು ಶೆಡ್ಡಿನಲ್ಲಿ, ಮಗ್ಗಗಳ ನಡುವೆ, ನೂಲಿನ ಪೆಟ್ಟಿಗೆಯ ಮೇಲೆ ಇಟ್ಟು ಹಚ್ಚುತ್ತಿದ್ದ. ಕಂಡಿಕೆ ಸುತ್ತುತ್ತ ಕುಳಿತ ಕಸ್ತೂರೆವ್ವನಿಗೆ ಅದರಲ್ಲಿ ಏನೂ ಕೇಳುತ್ತಿರಲಿಲ್ಲ. ಅವನ ತಲೆ ತೂಗುವುದು ಕಾಣುತ್ತಿತ್ತು, ಅಷ್ಟೆ.

"ಆ ಗದ್ದಲದಾಗ ಏನ ಕೇಳತೈತ್ರಿ ನಿಮಗ?" ಎಂದು ಒಮ್ಮೆ ಊಟಕ್ಕೆ ಬಡಿಸುವಾಗ ಕೇಳಿದ್ದಳು.

"ಅದರಾಗ ಕೇಳಿದ್ರ ಮಜಾ," ಎಂದಿದ್ದ. "ನಮ್ಮ ಮಗ್ಗ ಬಡದ ನಡುವ ಒಂದೀಟ ತೆರಪ ಬಿಡತಾವಲ್ಲ, ಸರಿಯಾಗಿ ಅಲ್ಲಿ ಬಂದ ಬಡೀತಾನ ಇಂವ. ಮಗ್ಗ ಹೊಡಿಯೂದ ಬಿಟ್ಟಲ್ಲಿ ಇಂವ ಹೊಡೀತಾನ."

"ಹಾಡಿನ ಅರ್ಥ ಏನ್ರಿ?"

"ಯಾಂವಗ ಗೊತ್ತ? ರೊಟ್ಟಿ ನೀಡ."

ಅಷ್ಟೇ. ಅದಕ್ಕಿಂತ ಹೆಚ್ಚು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಈಗ ಸುಮಾರು ಹತ್ತು ಕ್ಯಾಸೆಟ್ಟು ಅವಳ ಮುಂದೆ ಚಾಪೆಯ ಮೇಲೆ ಬಿದ್ದಿದ್ದವು. ಎಲ್ಲದರ ಮೇಲೂ ಅದೇ ಮನುಷ್ಯ. ಒಂದರಲ್ಲಿ ನಗುತ್ತಿದ್ದ, ಒಂದರಲ್ಲಿ ಕಣ್ಣು ಮುಚ್ಚಿದ್ದ, ಒಂದರಲ್ಲಿ ಬರೀ ಜಡೆಯೇ ಕಾಣುತ್ತಿತ್ತು. ಯಾವುದರಿಂದ ಶುರು ಮಾಡಬೇಕು?

ಮರುದಿನ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ರಬಕವಿಗೆ ಹೋದಳು. ಅಲ್ಲಿ ಬಾಳಾಸಾಹೇಬನ ರೇಡಿಯೋ ರಿಪೇರಿ ಅಂಗಡಿ. ಕ್ಯಾಸೆಟ್ಟನ್ನೂ ಮಾರುತ್ತಿದ್ದ. ತುಕಾರಾಮ ಟೇಪು ಕೆಟ್ಟಾಗ ಅವನ ಹತ್ತಿರವೇ ತರುತ್ತಿದ್ದ.

"ಎಡಿಗಿ ಇದನ್ನ ಹಚ್ಚಾಕ?" ಬಾಳಾಸಾಹೇಬ ಕನ್ನಡಕ ಮೇಲೆ ತಳ್ಳಿದ. "ಆಗಲಿ ತಂಗೆವ್ವ, ಅದರಾಗೇನ ತಪ್ಪ? ಇದಕ್ಕ ರೆಗೆ ಅಂತಾರ. ಹೊಸದಾಗಿ ಕೇಳಾವ್ರಿಗೆ ನಾ ಏನ ಕೊಡತೇನಿ ಗೊತ್ತೇನ? ಎಲ್ಲಾ ಕ್ಯಾಸೆಟ್ಟಿನಾಗಿನ ಛಲೋ ಛಲೋ ಹಾಡ ಆರಿಸಿ ಒಂದರಾಗ ಹಾಕಿರತಾರ. ಅದನ್ನ."

"ಅದ ಇದರಾಗ ಐತೇನ್ರಿ?"

ಅವನು ಒಂದೊಂದಾಗಿ ತಿರುವಿ ನೋಡಿದ. "ಇಲ್ಲ. ತುಕಾರಾಮ ಅಂಥಾದ್ದ ತಗೊಳ್ಳಾಂವಲ್ಲ ಬಿಡು. ಹಂಗಾದ್ರ ಹಳೇದರಿಂದ ಸುರು ಮಾಡಬೇಕು. ಹಾಡವ ಹೆಂಗ ಬೆಳಕೋತ ಬಂದ ಅನ್ನೂದ ತಿಳೀತೈತಿ." ಕ್ಯಾಸೆಟ್ಟಿನ ಮೇಲಿನ ವರ್ಷ ಓದಿ ಓದಿ ಮೇಜಿನ ಮೇಲೆ ಸಾಲಾಗಿ ಇಡತೊಡಗಿದ. ಕೆಲವು ಯಾರೋ ಮನೆಯಲ್ಲಿ ತುಂಬಿಸಿಕೊಂಡ ನಕಲು, ಅವುಗಳ ಮೇಲೆ ವರ್ಷವೇ ಇರಲಿಲ್ಲ. ಅವನ್ನು ಮೊದಲು ಕೊನೆಗಿಟ್ಟ, ಆಮೇಲೆ ನಡುವೆ ತಂದ, ಆಮೇಲೆ ಕೈಯಲ್ಲೇ ಹಿಡಿದುಕೊಂಡು ನಿಂತ.

"ಹಳೇದನ್ನ ಕೇಳಿದ ಮಂದಿ ಎರಡನೇದ ಕೇಳಾಕ ಬರೂದಿಲ್ಲ, ಅದೂ ಖರೆ," ಎಂದ. "ಇನ್ನೂ ಕಸುಬ ಹತ್ತಿರಂಗಿಲ್ಲ ನೋಡ ಆಗ. ನಡುವಿಂದನ ಸುರು ಮಾಡ ತಂಗೆವ್ವ. ಈ ಕೆಂಪದು. ಇಲ್ಲಾ ಇದು, ಮಂದಿ ಚಪ್ಪಾಳಿ ಹೊಡಿಯೂದ ಕೇಳತೈತಿ ಇದರಾಗ, ಎದುರಿಗಿ ಕುಂತ ಹಾಡಿದಂಗ ಇರತೈತಿ."

"ನಮ್ಮನಿಯವ್ರು ಯಾವುದ ಹಚ್ಚ ಅಂತಿದ್ರು ನಿಮಗ?"

"ಅಂವ ಎಲ್ಲಿ ಹಚ್ಚ ಅಂತಿದ್ದ? ಟೇಪ ಬಿಚ್ಚತಿದ್ದ, ನನಗ ಬುದ್ಧಿ ಹೇಳತಿದ್ದ, ಮುಚಗೊಂಡ ಹೊಕ್ಕಿದ್ದ."

ಕಸ್ತೂರೆವ್ವ ನಗಬೇಕೋ ಅಳಬೇಕೋ ತಿಳಿಯದೆ ಚೀಲ ಎತ್ತಿಕೊಂಡು ಬಂದಳು.

ದಾರಿಯಲ್ಲಿ ಗಿರಿಮಲ್ಲಪ್ಪನ ಮನೆ. ಅವನಿಗೆ ಅಮಾವಾಸ್ಯೆಯ ಊಟಕ್ಕೆ ಹೇಳಬೇಕಾಗಿತ್ತು. ಅವನು ಕಟ್ಟೆಯ ಮೇಲೆ ಕುಳಿತು ಚಾದರ ಮಡಿಚುತ್ತಿದ್ದ. ಚೀಲ ಬಿಚ್ಚದೆಯೇ ಕೇಳಿದಳು, ಅವರಿಗೆ ಯಾವುದರ ಮೇಲೆ ಬಹಳ ಮನಸ್ಸಿತ್ತು ಎಂದು.

"ಹಸರ ಬಣ್ಣದ್ದೊಂದ ಇತ್ತ ನೋಡ್ರಿ ವೈನಿ," ಎಂದು ಗಿರಿಮಲ್ಲಪ್ಪ ಥಟ್ಟನೆ ಹೇಳಿದ. ಸ್ವಲ್ಪ ತಡೆದು, "ಕೆಂಪದೋ ಏನೋ," ಎಂದ. ಇನ್ನೂ ತಡೆದು, "ಬಸ್ಸಿನಾಗ ಬರೂ ಮುಂದ ಯಾವುದ ತಂದಿರತಿದ್ದನೋ ಅದ ಭಾರಿ ಅಂತಿದ್ದ. ಮುಂದಿನ ಸರತಿ ಮತ್ತೊಂದ ಭಾರಿ. ಅವಂದೇನ ಹೇಳೂದು! ನನಗಂತೂ ಎಲ್ಲಾ ಒಂದ ಅನಸತಿತ್ತು. ನಾ ಮಲಗಿ ಬಿಡತಿದ್ದೆ," ಎಂದ.

ಮನೆಗೆ ಬಂದರೆ ಮುದಕವ್ವ ಇನ್ನೊಂದು ದಾರಿ ಹುಡುಕಿದ್ದಳು. ದೇವರ ಮುಂದೆ ಹೂ ಕೇಳುವುದು. ದೇವರ ಜಗಲಿಯ ಮುಂದೆ ಕ್ಯಾಸೆಟ್ಟುಗಳನ್ನು ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಹರಡಿದಳು. ದೇವರಿಗೆ ಒದ್ದೆ ಸೇವಂತಿಗೆ ಹಚ್ಚಿದಳು. ಹೂ ಯಾವ ಕಡೆ ಬೀಳುತ್ತದೋ ಆ ಕಡೆಯದು. ಅತ್ತೆ ಸೊಸೆ ಇಬ್ಬರೂ ಕೈಮುಗಿದು ಕುಳಿತರು. ಹೂ ಬೀಳಲೇ ಇಲ್ಲ. ನೀರು ಆರಿತು, ಹೂ ಅಲ್ಲೇ ಅಂಟಿಕೊಂಡಿತು.

"ಈ ದೇವರಿಗೂ ತಿಳೀವಲ್ದು," ಎಂದಳು ಮುದಕವ್ವ ಬೇಸರದಿಂದ. "ಹಾಡ ಇಡೂದ ಬ್ಯಾಡ ಬಿಡು. ತಪ್ಪ ಇಡೂದಕಿಂತ ಇಡಲಾರದ್ದ ಛಲೋ. ಹೋಳಿಗಿ ಮೊದಲ ಇಡೂಣು."

ಕಸ್ತೂರೆವ್ವ ಕ್ಯಾಸೆಟ್ಟುಗಳನ್ನು ಮತ್ತೆ ಚೀಲಕ್ಕೆ ತುಂಬಿದಳು. ಅವಳಿಗೆ ಹೋಳಿಗೆ ಮೊದಲು ಇಡುವುದು ಸರಿಬರಲಿಲ್ಲ. ಕಾಮಣಿಯಾಗಿ ಮಲಗಿದ್ದ ದಿನಗಳಲ್ಲಿ ತುಕಾರಾಮ ಯಾವ ಊಟವನ್ನೂ ಕೇಳಿರಲಿಲ್ಲ. ಕೈ ಎತ್ತಿ ಗಾಳಿಯಲ್ಲಿ ಬೆರಳು ಬಡಿದು ಶೆಡ್ಡಿನ ಕಡೆ ತೋರಿಸುತ್ತಿದ್ದ. ಅವಳು ಟೇಪು ತಂದು ತಲೆದೆಸೆಯಲ್ಲಿ ಇಡುತ್ತಿದ್ದಳು. ಅದರೊಳಗೆ ಯಾವುದು ಇರುತ್ತಿತ್ತೋ ಅದನ್ನೇ ಒತ್ತುತ್ತಿದ್ದಳು. ಮದ್ದು ಅರೆಯುವ ಅವಸರದಲ್ಲಿ ಯಾವುದೆಂದು ನೋಡಿದವಳಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಸ್ತೂರೆವ್ವ ಟೇಪಿಗೆ ಸೆಲ್ಲು ಹಾಕಿ, ಶೆಡ್ಡಿನಲ್ಲಿ ಕುಳಿತು, ಒಂದೊಂದಾಗಿ ಹಚ್ಚಿದಳು. ಇಷ್ಟು ವರ್ಷದಲ್ಲಿ ಆ ದನಿಯನ್ನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಎತ್ತರದ, ಸ್ವಲ್ಪ ಒಡೆದ ದನಿ. ಒಂದು ಹಾಡು ಮಕ್ಕಳನ್ನು ಕರೆಯುವಂತಿತ್ತು. ಇನ್ನೊಂದು ಯಾರನ್ನೋ ಬೈಯುವಂತಿತ್ತು. ಮತ್ತೊಂದು ದೇವರ ಹತ್ತಿರ ಮಾತಾಡುವಂತೆ ಕೇಳಿಸಿ ಅವಳ ಕಣ್ಣು ತುಂಬಿತು, ಆದರೆ ಅದು ದೇವರ ಮಾತೋ ಸಂತೆಯ ಮಾತೋ ಯಾರು ಬಲ್ಲರು? ಕೆಂಪದನ್ನು ತೆಗೆದು ಹಸಿರು ಹಾಕಿದಳು. ಹಸಿರು ತೆಗೆದು ಚಪ್ಪಾಳೆಯದು ಹಾಕಿದಳು. ಇದೇ ಇರಬೇಕು ಎಂದು ಪ್ರತಿಯೊಂದಕ್ಕೂ ಅನಿಸಿತು. ಕೊನೆಗೆ ಯಾವುದೂ ಅಲ್ಲ ಅನಿಸಿತು. ಅವಳಿಗೆ ಸೇರಿದ್ದು ಅವನಿಗೂ ಸೇರಿತ್ತೆಂದು ಹೇಗೆ ಹೇಳುವುದು?

ಎಲ್ಲವನ್ನೂ ಚೀಲಕ್ಕೆ ಹಾಕುವಾಗ ತಳದಲ್ಲಿದ್ದ ಒಂದು ಕೈಗೆ ಸಿಕ್ಕಿತು. ಅದನ್ನು ಅವಳು ಹಚ್ಚಿರಲಿಲ್ಲ, ಯಾಕೆಂದರೆ ಅದು ಇನ್ನೂ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಳಗೇ ಇತ್ತು. ಅಂಗಡಿಯಿಂದ ಬಂದ ಹಾಗೆ, ಬಿಚ್ಚದೆ. ಭಂಡಾರ ಕೂಡ ಆ ಹಾಳೆಯ ಮೇಲೆಯೇ ಹತ್ತಿತ್ತು.

ಕಸ್ತೂರೆವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ನೇಕಾರರ ಮನೆಗೆ ಬಂದ ಮೇಲೆ ಅವಳು ಕಲಿತ ಒಂದು ಮಾತಿತ್ತು. ದಿನದ ಸೀರೆ ಗೂಟದ ಮೇಲೆ ಇರುತ್ತದೆ, ಹಬ್ಬದ ಸೀರೆ ಟ್ರಂಕಿನ ಮೇಲ್ಭಾಗದಲ್ಲಿ ಇರುತ್ತದೆ, ಆದರೆ ಎಲ್ಲಕ್ಕಿಂತ ಒಳ್ಳೆಯ ಸೀರೆಯ ಗಳಿಗೆ, ಅಂದರೆ ಮಡಿಕೆ, ಮುರಿಯುವುದೇ ಇಲ್ಲ. ಮಗ್ಗದಿಂದ ಇಳಿಸಿ ಮಡಿಚಿದ್ದು ಹಾಗೆಯೇ ತಳದಲ್ಲಿ ಇರುತ್ತದೆ. ಮುದಕವ್ವನ ಹತ್ತಿರ ಅಂಥದ್ದೊಂದು ಇತ್ತು. ಅವಳ ಗಂಡ ತನ್ನ ಕೈಯಿಂದ ನೇಯ್ದದ್ದು, ಒಮ್ಮೆಯೂ ಉಟ್ಟಿರಲಿಲ್ಲ. ಅದರ ಮೇಲೆ ಅವಳಿಗೆ ಎಷ್ಟು ಜೀವವೆಂದರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತುಕಾರಾಮ ಆ ಮನೆಯಲ್ಲೇ ಹುಟ್ಟಿ ಬೆಳೆದವನು.

"ಅತ್ತೀ, ಸಿಕ್ತ್ರಿ!" ಎಂದು ಒಳಗೆ ಓಡಿದಳು.

ಮುದಕವ್ವ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಹಾಳೆಯನ್ನು ಮುಟ್ಟಿ ನೋಡಿ, ತಲೆಯಾಡಿಸಿದಳು. "ಗಳಿಗಿ ಮುರದಿಲ್ಲ. ಇದ ನೋಡ. ಜ್ವಾಕಿ ಮಾಡಿಟ್ಟಾನ ನನ್ನ ಮಗ. ಹಿರ್ಯಾರಿಗೆ ಇಡೂದೂ ಗಳಿಗಿ ಮುರೀಲಾರದ್ದನ್ನ ಅಲ್ಲೇನ? ಇದ ಮೊದಲ."

ಎಷ್ಟೋ ದಿನಗಳ ಮೇಲೆ ಕಸ್ತೂರೆವ್ವ ಹೊಟ್ಟೆ ತುಂಬ ಉಂಡಳು.

ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ. ಓಣಿ ಸದ್ದಿಲ್ಲದೆ ಬೇರೆ ಯಾವುದೋ ಊರಿನಂತೆ ಕಾಣುತ್ತಿತ್ತು. ಪಡಸಾಲೆಯಲ್ಲಿ ಕಳಸ ಇಟ್ಟರು, ತುಕಾರಾಮನ ಫೋಟೋಕ್ಕೆ ಹೂ ಏರಿಸಿದರು, ಹೊಸ ಧೋತರವನ್ನು ಮಡಿಕೆ ಬಿಚ್ಚದೆ ಇಟ್ಟರು. ಗಿರಿಮಲ್ಲಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಗೋಡೆಗೆ ಒರಗಿ ಕುಳಿತಿದ್ದ. ಎಲೆಯ ಮೇಲೆ ಇನ್ನೂ ಏನನ್ನೂ ಬಡಿಸಿರಲಿಲ್ಲ. ಮೊದಲು ಹಾಡು.

ಕಸ್ತೂರೆವ್ವ ಫೋಟೋದ ಮುಂದೆ ಕೈಮುಗಿದು, ಪ್ಲಾಸ್ಟಿಕ್ ಹಾಳೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಟೇಪಿಗೆ ಹಾಕಿ ಒತ್ತಿದಳು. ಸ್ವಲ್ಪ ಹೊತ್ತು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಡ್ರಮ್ಮು ಎರಡು ಸಲ ಬಡಿಯಿತು, ಹಾಡು ಶುರುವಾಯಿತು.

ಗಿರಿಮಲ್ಲಪ್ಪ ಗೋಡೆ ಬಿಟ್ಟು ಮುಂದೆ ಬಾಗಿದ. ನೆಲದ ಮೇಲೆ ಬಿದ್ದಿದ್ದ ಹಾಳೆಯನ್ನು ನೋಡಿದ, ಪೆಟ್ಟಿಗೆಯ ಚಿತ್ರವನ್ನು ನೋಡಿದ.

"ವೈನಿ, ಇದನ್ನ ಯಾಕ ಹಚ್ಚಿದ್ರಿ?"

"ಯಾಕ್ರಿ?"

"ಇದನ್ನ ಅಂವ ಕೇಳೇ ಇಲ್ಲ. ಕಡೀ ಸರತಿ ಹೋದಾಗ ತಗೊಂಡದ್ದಿದು. ಆ ಹಾಡವ ಸತ್ತ ಮ್ಯಾಲ ಬಂದದ್ದ ಅಂತ ಮಾರಾಂವ ಹೇಳಿದ. ಇನ್ನ ಹೊಸಾದ ಬರೂದಿಲ್ಲಂತ, ಇದ ಮುಗದರ ಮುಗದಂಗ. ತುಕಾರಾಮ ಇದನ್ನ ಕೈಯಾಗ ಹಿಡಕೊಂಡ ಭಾಳ ಹೊತ್ತ ಕುಂತಿದ್ದ. ಈಗ ಬ್ಯಾಡ, ಅವಸರಿಲ್ಲ ಅಂದ. ಊರಿಗಿ ಬಂದ ವಾರಕ್ಕ ಮಲಗಿದ."

ಹಾಡು ನಡೆದೇ ಇತ್ತು. ಮುದಕವ್ವನ ಮುಖ ಇಳಿಯಿತು.

"ಕೇಳಿಲ್ಲಾ? ಒಮ್ಮಿನೂ?"

"ಇಲ್ಲಬೇ."

"ಅಯ್ಯ ಶಿವನ! ಪರಿಚಯಿಲ್ಲದ್ದನ್ನ ಮೊದಲ ಇಟ್ಟೇವಲ್ಲೇ ಕಸ್ತೂರಿ! ಬಂದ ಬಾಗಲಾಗ ನಿಂತಾನು, ಇದ ಯಾರ ಮನಿ ಅಂದಾನು. ಬಂದ ಮಾಡ, ಬಂದ ಮಾಡ ಅದನ್ನ. ಬ್ಯಾರೇದ ಹಚ್ಚ. ಕೆಂಪದರ ಹಚ್ಚ."

ಕಸ್ತೂರೆವ್ವ ಟೇಪಿನ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದರೆ ನಿಲ್ಲುತ್ತದೆ. ನಿಲ್ಲಿಸಿ ಬೇರೆಯದನ್ನು ಹಚ್ಚಿದರೆ ಶುರುವಾದದ್ದು ಶುರುವಾಗಲಿಲ್ಲ ಎಂದಾಗುತ್ತದೆಯೇ? ಕೆಂಪು ಎಂದರೆ ಕೆಂಪೇ ಯಾಕೆ? ಅವಳ ಕಿವಿಗೆ ಅತ್ತೆಯ ಮಾತು, ಗಿರಿಮಲ್ಲಪ್ಪನ ಮಾತು, ಹಾಡುಗಾರನ ಮಾತು ಎಲ್ಲ ಒಂದರ ಮೇಲೊಂದು ಬಿದ್ದು ಯಾವುದೂ ಸರಿಯಾಗಿ ಕೇಳದಂತಾಯಿತು. ತಾನು ಮಾಡಿದ್ದು ತಪ್ಪು, ಅದರಲ್ಲಿ ಸಂಶಯವಿರಲಿಲ್ಲ. ಅವನ ಮನಸ್ಸು ತನಗೆ ತಿಳಿದಿದೆಯೆಂದು ಎರಡು ದಿನ ಹಿಗ್ಗಿದ್ದಳು. ತಿಳಿದಿರಲಿಲ್ಲ.

ಅಷ್ಟರಲ್ಲಿ ಎರಡನೆಯ ಹಾಡು ಬಂತು. ಮೊದಲಿನದಕ್ಕಿಂತ ನಿಧಾನ. ಆ ದನಿ ಮೆತ್ತಗೆ ಏನನ್ನೋ ಕೇಳುತ್ತಿತ್ತು, ಉತ್ತರ ಬರುವಷ್ಟು ಜಾಗ ಬಿಡುತ್ತಿತ್ತು, ಮತ್ತೆ ಕೇಳುತ್ತಿತ್ತು. ಕೆಂಪದು, ಹಸಿರು, ಚಪ್ಪಾಳೆಯದು, ಅವನ್ನೆಲ್ಲ ತುಕಾರಾಮ ತನಗಿಂತ ಎಷ್ಟೋ ಮೊದಲು ಕೇಳಿ ಮುಗಿಸಿದ್ದ. ಅವುಗಳಲ್ಲಿ ಅವನ ಹಿಂದೆ ಎಷ್ಟು ಓಡಿದರೂ ಅವಳು ಹಿಂದೆಯೇ. ಇದೊಂದರಲ್ಲಿ ಹಾಗಿರಲಿಲ್ಲ. ಅವನು ಬಂದು ಬಾಗಿಲಲ್ಲಿ ನಿಂತಿದ್ದರೆ, ಮುಂದೆ ಏನು ಬರುತ್ತದೆಂದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಬೆರಳು ತೆಗೆದಳು.

"ಇರಲ್ರಿ ಅತ್ತಿ."

"ಏನ ಇರಲಿ? ಅವನಿಗಿ ಸೇರಲಿಲ್ಲಂದ್ರ?"

"ಸೇರಲಿಲ್ಲಂದ್ರ ತಿಳೀತೈತ್ರಿ. ಕೇಳಲಿ ಮೊದಲ."

"ಹೆಂಗ ತಿಳೀತೈತಿ?"

ಕಸ್ತೂರೆವ್ವ ಫೋಟೋದ ಮುಂದೆ ಕಾಲು ಮಡಿಚಿ ಕುಳಿತಳು. ಮುದಕವ್ವ ಗೊಣಗುತ್ತ ಒಮ್ಮೆ ಸೊಸೆಯನ್ನು, ಒಮ್ಮೆ ಟೇಪನ್ನು, ಒಮ್ಮೆ ಬಾಗಿಲನ್ನು ನೋಡಿದಳು. ಕೊನೆಗೆ ಅವಳೂ ಕುಳಿತಳು. ಹೋಳಿಗೆಯ ಬುಟ್ಟಿಯ ಮೇಲೆ ಮುಚ್ಚಿದ ಬಟ್ಟೆ ಹಬೆಗೆ ಒದ್ದೆಯಾಗಿತ್ತು. ಗಿರಿಮಲ್ಲಪ್ಪ ಅದರ ಕಡೆ ಕಣ್ಣು ಹಾಯಿಸಿ, "ಎಡಿ ಬಡಸೂದ ಯಾವಾಗ?" ಎಂದು ಮೆಲ್ಲಗೆ ಕೇಳಿದ.

"ತಡಿಯೋ, ಅಂವ ಕೇಳಾಕತ್ತಾನ," ಎಂದು ಮುದಕವ್ವ ಗದರಿಸಿದಳು.

ಹಾಡಿನ ಮೇಲೆ ಹಾಡು ಬಂದವು. ಒಂದು ಹಾಡಿಗೆ ಕಸ್ತೂರೆವ್ವ ಅತ್ತಳು, ಒಂದು ಅವಳಿಗೆ ಸ್ವಲ್ಪವೂ ಸೇರಲಿಲ್ಲ. ಅವನಿಗೂ ಇದು ಸೇರಲಿಕ್ಕಿಲ್ಲ ಅಂದುಕೊಂಡಳು, ಸೇರಿದರೂ ಸೇರಬಹುದು ಎಂದೂ ಅಂದುಕೊಂಡಳು. ಟೇಪು ಟಕ್ಕೆಂದು ನಿಂತಿತು.

ಕಸ್ತೂರೆವ್ವ ಎದ್ದು ಹೋಳಿಗೆಯ ಬುಟ್ಟಿಗೆ ಕೈ ಹಾಕಿದಳು.

"ಅದರದ ಇನ್ನೊಂದ ಮಗ್ಗಲ ಐತಿಲ್ಲೋ?" ಎಂದಳು ಮುದಕವ್ವ. "ಅರ್ಧಾ ಬಿಡಬಾರದು. ಹೊಳ್ಳಿಸಿ ಹಚ್ಚ."